ಜೋಡಿ ಫೋಟೋ

ಸೀಳು ಬಿದ್ದಿದೆಯಲ್ಲ, ಮುಖದ ಮೇಲೇ ಬಿದ್ದಿದೆ, ನಿನ್ನೆ ಹಾಕಿಸಿದ ಗಾಜಿಗೆ ಇಷ್ಟು ಬೇಗ ಸೀಳೇ ಎಂದು ಸೀತವ್ವ ಸೆರಗಿನಿಂದ ಒರೆಸಿದಳು, ಹೋಗಲಿಲ್ಲ, ಉಗುರಿನಿಂದ ಕೆರೆದಳು, ಗಾಜು ನುಣ್ಣಗಿದೆ, ಸೀಳು ಒಳಗಿದೆ — ಯವ್ವಾ, ಅದು ಒಡದಿಲ್ಲ, ನಾನಽ ಹಾಕೇನಿ, ಹಳೇ ಕಾಲದ ಫೋಟೋ ಕಂಡಂಗ ಕಾಣ್ಲಿ ಅಂತ, ಎಲ್ಲಾ ಕಂಪ್ಯೂಟರಿನ್ಯಾಗ — ಮಗ ಅನಿಲಕುಮಾರ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತ ನಗುತ್ತಾನೆ, ಬಾಗೇವಾಡಿಯಲ್ಲಿ ಸ್ವಂತ ಮನೆ ಕಟ್ಟಿಸಿದವನ ನಗು, ಹಲ್ಲೆಲ್ಲ ಕಾಣುವ ನಗು. ಅಂಚಿಗೆ ಚಹಾ ಚೆಲ್ಲಿದ ಹಾಗೆ ಹಳದಿ, ಮೂಲೆಯಲ್ಲಿ ಗೆದ್ದಲು ತಿಂದ ಗುರುತು, ಮೇಲೆಲ್ಲ ಕುಂಚ ಎಳೆದ ಗೆರೆ, ಯಾರೋ ದೊಡ್ಡ ಚಿತ್ರಗಾರ ಎದುರಿಗೆ ಕೂರಿಸಿಕೊಂಡು ಬರೆದ ಹಾಗೆ. ಕೂತವರು ಯಾರು, ಯಾವಾಗ ಕೂತಿದ್ದರು? ಕುರ್ಚಿಯಲ್ಲಿ ಅವಳು, ಹಿಂದೆ ನಿಂತವನು ಅವಳ ಗಂಡ ಚಂದಪ್ಪ, ಸತ್ತು ಮೂವತ್ತು ವರ್ಷದ ಮೇಲಾಯಿತು, ಅವನ ಕೈ ಅವಳ ಹೆಗಲ ಮೇಲೆ. ಹೆಗಲ ಮೇಲೆ! ಕೂದಲಿಗೆ ಕೈ ಹಾಕಿದ್ದ, ಹೌದು, ರಟ್ಟೆ ತಿರುವಿದ್ದ, ಬಸುರಿಯಾಗಿದ್ದಾಗ ಬೆನ್ನಿಗೆ ಗುದ್ದಿದ್ದ, ಹೆಗಲ ಮೇಲೆ ಯಾವಾಗ ಇಟ್ಟಿದ್ದ ಇವನು? ಎರಡೂ ಕೈಯಿಂದ ಕಿತ್ತು ಒಗೆಯಬೇಕು ಈ ಕೈಯನ್ನು, ಗಾಜಿನ ಸಮೇತ, ಹಸಿ ಬಣ್ಣದ ವಾಸನೆ ಹೊಡೆಯುವ ಈ ಹೊಸ ಪಡಸಾಲೆಯ ನಡುವೆ.

ಚಂದಪ್ಪನದು ಅಂತ ಉಳಿದದ್ದು ಒಂದೇ ಫೋಟೋ, ಟ್ರ್ಯಾಕ್ಟರ್ ಲೈಸನ್ಸಿನದು, ಹೆಬ್ಬೆರಳಿನಷ್ಟು, ಕೊರಳಿಂದ ಕೆಳಗೆ ಸರಕಾರಿ ಮುದ್ರೆ. ಅವಳದು ಹೋದ ತಿಂಗಳಿನದು, ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು, ಯವ್ವಾ ಸ್ವಲ್ಪ ಈ ಕಡಿ ನೋಡು ಅಂದ, ನೋಡಿದಳು, ಇದಕ್ಕೆ ಅಂತ ಗೊತ್ತಿದ್ದರೆ ಮುಖಕ್ಕೆ ಸಿಪ್ಪೆ ಎರಚುತ್ತಿದ್ದಳು. ನೆರಿಗೆ ಅಳಿಸಿದ್ದಾನೆ, ಕೂದಲು ಕಪ್ಪು ಮಾಡಿದ್ದಾನೆ, ಅವನು ಸತ್ತಂದು ಒರೆಸಿಕೊಂಡ ಕುಂಕುಮ ಮತ್ತೆ ಇಟ್ಟಿದ್ದಾನೆ, ಕೊರಳಿಗೆ ತಾಳಿಯನ್ನೂ ಕಟ್ಟಿದ್ದಾನೆ, ಹೆತ್ತ ಮಗ, ತಾಯಿಯನ್ನು ಒಂದು ಮಾತು ಕೇಳದೆ ಅದೇ ಗಂಡನಿಗೆ ಎರಡನೇ ಸಲ ಲಗ್ನ ಮಾಡಿ ಕೊಟ್ಟಿದ್ದಾನೆ, ಕಾಗದವನ್ನೆಲ್ಲ ಹಳೆಯದು ಮಾಡಿ ಅದರೊಳಗಿದ್ದ ಮುದುಕಿಯನ್ನು ಇಪ್ಪತ್ತೆರಡರ ಸೊಸೆ ಮಾಡಿದ್ದಾನೆ. ಅತ್ತೀ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ — ಸೊಸೆ ಪಲ್ಲವಿ, ಕೈಯಲ್ಲಿ ಸೇವಂತಿಗೆ ಹಾರ — ಫ್ರೇಮಿಗೆ ಪೂರಾ ಹಾಕಿದ್ರ ಹಾರ ನಿಮಗೂ ಬೀಳ್ತೈತಿ, ಇದ್ದವರಿಗೆ ಹಾಕಬಾರದಲ್ರಿ, ಮಾವಾರ ಕಡಿ ಅಷ್ಟ ಹಾಕಿದ್ರ ಜಾರಾಕತ್ತೈತಿ, ಹೆಂಗ ಮಾಡ್ಲಿರಿ? ಟಾಚಣಿ ಚುಚ್ಚಿ ಅವ್ವನ ಕಡಿ ಬಿಟ್ಟು ಹಾಕ ಅಂತಾನೆ ಸ್ಟೂಲಿನ ಮೇಲಿನವನು. ಹಾಕವ್ವ, ಪೂರಾ ಹಾಕು, ನನಗೂ ಸೇರಿಸಿ ಊದಿನಕಡ್ಡಿ ಹಚ್ಚು, ಅವನ ಸಂಗಡ ಒಂದು ಫ್ರೇಮಿನೊಳಗೆ ಕೂತ ಮೇಲೆ ಇದ್ದೇನು ಸತ್ತೇನು — ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು, ಯಾವತ್ತಿನ ಹಾಗೆ.

ಇವತ್ತು ಗೃಹಪ್ರವೇಶ, ಹನ್ನೊಂದಕ್ಕೆ ಸ್ವಾಮಿಗಳು ಬರುತ್ತಾರೆ, ಮಂದಿ ಬರುತ್ತಾರೆ, ಒಮ್ಮೆ ಗೋಡೆ ಏರಿತೋ ಅಲ್ಲಿಗೆ ಮುಗಿಯಿತು, ನಾಳೆ ಮೊಮ್ಮಕ್ಕಳು ಕೈಮುಗಿಯುತ್ತಾರೆ, ನಮ್ಮ ಅಜ್ಜ ಅಜ್ಜಿ ಎಷ್ಟು ಚೆಂದ ಇದ್ದರು ಅನ್ನುತ್ತಾರೆ, ಈಗ ಹೇಳಬೇಕು, ಮೊಳೆ ಪೂರ್ತಿ ಇಳಿಯುವ ಮೊದಲು, ಬ್ಯಾಡ ಅನ್ನಬೇಕು. ಯಾಕ ಬ್ಯಾಡ ಅಂತಾನೆ. ಏನು ಹೇಳುವುದು? ಯಂಕಂಚಿಯ ಹಳ್ಳದಲ್ಲಿ ಟ್ರ್ಯಾಕ್ಟರ್ ಮಗುಚಿ ಹೆಣ ಮನೆಗೆ ಬಂದಾಗ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಪಕ್ಕದ ಮನೆಯ ಹಜರಾಬಿ ತೊಡೆ ಚಿವುಟಿದಳು, ಅಳಬೇ, ಮಂದಿ ನೋಡಾಕತ್ತಾರ, ಆ ಚಿವುಟಿದ ನೋವಿಗೆ ಅತ್ತಳು ಅಷ್ಟೆ. ದೇವಣಗಾಂವದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಆರು ವರ್ಷದ ಅನಿಲ ಸಾಲಿಯಿಂದ ಬಂದು ಕೇಳಿದ, ಯವ್ವಾ, ನಮ್ಮಪ್ಪ ಹೆಂಗಿದ್ದ? ಅಪ್ಪನಿಲ್ಲದ ಕೂಸಿಗೆ ಏನು ಹೇಳುತ್ತಾರೆ, ದೇವರಂಥ ಮನುಷ್ಯಾ ಅಂದಳು, ನಿನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಸಿಂದಗಿ ಸಂತಿಗೆ ಹೋಗ್ತಿದ್ದ ಅಂದಳು, ಆಮೇಲೆ ಸಂತೆಯಲ್ಲಿ ಜಿಲೇಬಿ ಕೊಡಿಸಿದ್ದು ಸೇರಿತು, ಆಮೇಲೆ ಒಂದು ಕೆಂಪು ಅಂಗಿ ಸೇರಿತು, ಕಂಪ್ಯೂಟರ್ ಇಲ್ಲದೆ ತಾನೂ ವರ್ಷಾ ವರ್ಷ ಬಣ್ಣ ಬಳಿದವಳೇ, ಈಗ ಮಗನಿಗೆ ಬೈದರೆ ಯಾವ ಬಾಯಿಂದ ಬೈಯುವುದು, ಥೂ ನನ್ನ ಬಾಯಿಗೆ ಮಣ್ಣು ಹಾಕ. ಆದರೂ ಹೆಗಲ ಮೇಲೆ ಕೈ ಇಟ್ಟ ಅಂತ ಹೇಳಿರಲಿಲ್ಲ, ಅಷ್ಟು ಸುಳ್ಳು ಅವಳಿಗೂ ಆಗಿರಲಿಲ್ಲ.

ಯವ್ವಾ, ಕೊಡು ಇಲ್ಲೆ, ಮೊಳಿ ಕೂತ್ತು — ಕೊಡಲಿಲ್ಲ, ಎದೆಗೆ ಒತ್ತಿ ಹಿಡಿದಳು, ಯಾಕ, ಚೊಲೊ ಆಗಿಲ್ಲೇನು, ಎಂಟು ದಿನ ಕುಂತು ಮಾಡೇನಿ, ಕೋಟು ಯಾವನದೋ, ಮೈ ಯಾವನದೋ, ಜೋಡಿಸಿದ್ದು ಗೊತ್ತಽ ಆಗೂದಿಲ್ಲ ನೋಡು — ಈ ಕೈ ಯಾರದೋ? ಅವಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿತು. ಅದಾ? ಅಪ್ಪನ ಕೈ ನಾ ಎಲ್ಲಿಂದ ತರ್ಲಿ, ಪಲ್ಲವಿ ಹೆಗಲ ಮ್ಯಾಲ ನನ್ನ ಕೈ ಇಟ್ಟು ಕನ್ನಡಿ ಮುಂದ ನಿಂತು ಫೋಟೋ ಹೊಡಕೊಂಡೆ, ಅದನ್ನ ಕತ್ತರಿಸಿ ಹಚ್ಚೇನಿ — ಬಗ್ಗಿ ನೋಡಿದಳು, ಕುಂಚದ ಗೆರೆಗಳ ಅಡಿಯಲ್ಲಿ, ಕಂದು ಬಣ್ಣದ ಅಡಿಯಲ್ಲಿ, ಹೊರಗೆ ತಿರುಗಿದ ಕಿರುಬೆರಳು, ತುದಿಯಲ್ಲಿ ಉಗುರಿಲ್ಲ, ಆಗ ಅನಿಲ ನಾಲ್ಕು ವರ್ಷದವನು, ಅಪ್ಪಾ ಬ್ಯಾಡ, ಅವ್ವಗ ಹೊಡಿಬ್ಯಾಡ ಅಂತ ಬಾಗಿಲ ಚೌಕಟ್ಟು ಹಿಡಿದು ಕಿರುಚುತ್ತಿದ್ದ, ಚಂದಪ್ಪ ಕಾಲಿನಿಂದ ಕದ ಒದ್ದು ಹಾಕಿದ, ಕಿರುಬೆರಳು ಸಂದಿಯಲ್ಲಿ ಜಜ್ಜಿತು, ಬಂಡಿ ಗಾಲಿಗೆ ಸಿಕ್ಕಿತ್ತಪ್ಪ ನಿನ್ನ ಬೆರಳು ಅಂತ ಹೇಳಿದವಳು ಅವಳು, ನಂಬಿದವನು ಅವನು, ಇವತ್ತಿಗೂ ಬಂಡಿ ಕಂಡರೆ ದೂರ ಸರಿದು ನಡೆಯುತ್ತಾನೆ — ಯವ್ವಾ, ಕೊಡ ಬೇ, ಸ್ವಾಮಿಗಳು ಬರೂ ಹೊತ್ತಾತು, ಸ್ಟೂಲಿನ ಮೇಲಿಂದ ಬಗ್ಗಿ ಕೈ ಚಾಚಿದ್ದಾನೆ, ಅನಿಲಾ, ಬಂಡಿ ಗಾಲಿ ಅಲ್ಲೋ ಅದು, ಅಂದಳು, ಏನಂದಿ ಯವ್ವಾ, ಅಂದ, ಅವನು ಚಾಚಿದ ಕೈಯನ್ನೇ ನೋಡಿದಳು, ಗಾಜಿನ ಒಳಗೊಂದು, ಗಾಜಿನ ಮೇಲೊಂದು, ಸೊಟ್ಟ ಕಿರುಬೆರಳು, ಉಗುರಿಲ್ಲದ್ದು, ಕಿರುಬೆರಳು —