ಎರಡು ಸೀಟಿನ ಸಂಘ

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಕೆಂಪು ಮೈ, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಮಾಡು, ಎರಡೇ ಸೀಟು. ಸಾಮಾನು ಹೇರಲು ಬಾರದು, ದಿಬ್ಬಣಕ್ಕೆ ಬಾರದು. ಓಡುವುದೊಂದೇ ನನ್ನ ಕಸುಬು. ಹಡಗಿನ ಅಧಿಕಾರಿಯೊಬ್ಬ ನನ್ನನ್ನು ಗೋವೆಗೆ ತಂದ. ಅವನಿಂದ ಬೆಳಗಾವಿಯ ಹೋಟೆಲ್ ಮಾಲೀಕ ಕೊಂಡ. ವರ್ಷ ಕಳೆದಂತೆ ಮಾಲೀಕನ ಹೊಟ್ಟೆ ಬೆಳೆದು ಸ್ಟೇರಿಂಗಿಗೆ ತಗಲತೊಡಗಿತು. ನನ್ನನ್ನು ಗೋದಾಮಿಗೆ ನೂಕಿದ. ಅಲ್ಲಿ ಇಲಿಗಳು ನನ್ನ ಸೀಟುಗಳನ್ನು ತಿಂದು ಸಂಸಾರ ಹೂಡಿದವು.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಹುಬ್ಬಳ್ಳಿಗೆ ತಂದವಳು ವಕೀಲೆ ಶಕುಂತಲಾ ಮಾದರ. ಅವಳ ಅಪ್ಪ ಹುಲಿಗೆಪ್ಪ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿದೇ ಮುದುಕನಾದವನು. ನನ್ನ ಬಾಗಿಲು ತೆಗೆದು ನೋಡಿ ನಕ್ಕ.

"ಕಾರ್ ತಂದೀನಿ ಅಂದಿ. ಇಲಿ ಗೂಡ ತಂದೀಯಲ್ಲವ್ವಾ!"

ನಕ್ಕವನೇ ಚರ್ಮ ಚುಚ್ಚುವ ಆರಿ, ಮೇಣದ ದಾರ ತಂದು ಕೂತ. ಕಂದು ಚರ್ಮ ಹದಮಾಡಿ, ಕತ್ತರಿಸಿ, ಎರಡೂ ಸೀಟುಗಳನ್ನು ಹೊಲಿದು ಮುಗಿಸಿದ. ಅಷ್ಟು ಹತ್ತಿರದಿಂದ ನನ್ನನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ನನ್ನಂಥ ಗಾಡಿಗಳಿಗೆ ಒಂಟಿತನವೇ ದೊಡ್ಡ ರೋಗ. ಕ್ಲಚ್ ಹೋದರೆ ಬಿಡಿಭಾಗ ಸಿಗದು. ಎಲ್ಲಿ ಸಿಕ್ಕೀತೆಂದು ಹೇಳುವವರೂ ಇಲ್ಲ. ಹೀಗಿರುವಾಗ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ನನ್ನದೇ ಜಾತಿಯ ನೀಲಿ ಗಾಡಿ ಕಂಡಿತು. ಅದರ ಮಾಲೀಕ ಎಣ್ಣೆ ಗಿರಣಿಯ ವಿರೂಪಾಕ್ಷ ದೇಸಾಯಿ. ಶಕುಂತಲಾ ನನ್ನನ್ನು ಅವನ ಮುಂದೆ ಅಡ್ಡ ನಿಲ್ಲಿಸಿದಳು.

"ಸರ, ನಮ್ಮ ಗಾಡಿ ನಿಮ್ಮ ಗಾಡಿ ಅಕ್ಕತಂಗೇರು. ಒಂದು ಸಂಘ ಮಾಡೋಣೇನ್ರಿ?"

"ಎರಡ ಗಾಡಿಗೆ ಸಂಘ ಏನ್ರೀ ಮೇಡಂ?"

"ಎರಡ ಸೀಟಿನ ಗಾಡಿ ನಡಸೋ ಮಂದಿ ನಾವು. ಎರಡು ಅಂದ್ರ ನಮಗ ಹೌಸ್‌ಫುಲ್ ಅಲ್ರೀ?"

ದೇಸಾಯಿ ಬಿದ್ದು ಬಿದ್ದು ನಕ್ಕ. ಸಂಘ ಹುಟ್ಟಿತು. ಆಮೇಲೆ ಅವಳೇ ಊರೂರು ತಿರುಗಿ ಧಾರವಾಡದ ಹಲ್ಲಿನ ಡಾಕ್ಟರನ್ನು, ಗದಗಿನ ಬಟ್ಟೆ ವ್ಯಾಪಾರಿಯನ್ನು, ಹಾವೇರಿಯ ಕಂತ್ರಾಟದಾರನನ್ನು ಹುಡುಕಿದಳು. ಐದು ಗಾಡಿಗಳಾದೆವು. ಹೆಸರಿಗೊಬ್ಬ ದೊಡ್ಡ ಮನುಷ್ಯ ಇರಲೆಂದು ದೇಸಾಯಿಯನ್ನು ಅಧ್ಯಕ್ಷನನ್ನಾಗಿ ಮಾಡಿದವಳೂ ಅವಳೇ.

ಭಾನುವಾರ ಬೆಳಿಗ್ಗೆ ಬೈಪಾಸಿನಲ್ಲಿ ಸಾಲಾಗಿ ಓಡಿ, ಗಿರ್ಮಿಟ್ ಮಿರ್ಚಿಯ ಅಂಗಡಿಯ ಮುಂದೆ ನಿಲ್ಲುತ್ತಿದ್ದೆವು. ಕೋರ್ಟಿನಲ್ಲಿ ಶಕುಂತಲಾ ಯಾರ ಮಗಳು, ಯಾವ ಓಣಿಯವಳು ಎಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಅವಳು ಕೆಂಪು ಗಾಡಿ ಮೇಡಂ, ಅಷ್ಟೇ. ಆ 'ಅಷ್ಟೇ'ಯನ್ನು ಅವಳು ಜೀವಮಾನವೆಲ್ಲ ಹುಡುಕಿದ್ದಳು.

ಒಂದು ಭಾನುವಾರ ದೇಸಾಯಿ ನನ್ನ ಸೀಟಿನಲ್ಲಿ ಕೂತು ಹೊಲಿಗೆ ಸವರಿದ.

"ಏನ್ ಕೆಲಸಾ ರೀ ಇದು! ಎಲ್ಲಿ ಮಾಡಿಸಿದ್ರಿ, ಪುಣೇದಾಗೇನು?"

"ನಮ್ಮಪ್ಪ ಹೊಲದಾನ್ರಿ. ಚಪ್ಪಲಿ ಹೊಲದು ನನ್ನ ಓದಿಸಿದ ಕೈ ಅದು."

"ಹಂಗೇನು," ಎಂದ ದೇಸಾಯಿ. ಸವರುತ್ತಿದ್ದ ಕೈ ಮೆಲ್ಲಗೆ ಸೀಟು ಬಿಟ್ಟೆದ್ದಿತು. ಅವಳು ಹೆಮ್ಮೆಯಲ್ಲಿದ್ದಳು, ನೋಡಲಿಲ್ಲ. ನಾನು ನೋಡಿದೆ.

ಆಯುಧಪೂಜೆ ಬಂತು. ದೇಸಾಯಿ ಮನೆತನದ ಗುಡಿಯ ಅಂಗಳದಲ್ಲಿ ಐದೂ ಗಾಡಿಗಳಿಗೆ ಪೂಜೆ ಎಂದು ತೀರ್ಮಾನವಾಯಿತು. ಹುಲಿಗೆಪ್ಪ ಹೊಸ ರುಮಾಲು ಸುತ್ತಿಕೊಂಡು ಮಗಳ ಪಕ್ಕ ಕೂತು ಬಂದ. ಗೇಟಿನಲ್ಲಿ ದೇಸಾಯಿ ಕೈ ಚಾಚಿದ.

"ಚಾವಿ ಕೊಡ್ರಿ ಮೇಡಂ. ಒಳಗ ಜಾಗಾ ಇಕ್ಕಟ್ಟೈತಿ, ನಾನ ನಿಲ್ಲಸ್ತೀನಿ."

ಅಪ್ಪ ಮಗಳು ಇಳಿದರು. ಅವನು ನನ್ನನ್ನು ಒಳಗೆ ಓಡಿಸಿದ. ಹಿಂದೆ ಗೇಟು ಮುಚ್ಚಿತು.

"ದೇಸಾಯರ, ಗೇಟ್ ಯಾಕ ಹಾಕಿದ್ರಿ?"

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ಹಿರ್ಯಾರು ಮಾಡಿಟ್ಟಿದ್ದು, ನಂದೇನೈತಿ? ಗಾಡಿ ಪೂಜಿ ಚೊಲೋ ಮಾಡಸ್ತೀವಿ. ನೀವೂ ಅಪ್ಪಾರೂ ಅಲ್ಲೇ ನೆಳ್ಳಾಗ ಕುಂದರ್ರಿ. ಪ್ರಸಾದ ಕಳಸ್ತೀವಿ."

ಹುಲಿಗೆಪ್ಪ ಹೊಲಿದ ಚರ್ಮ ಗುಡಿಯ ಅಂಗಳಕ್ಕೆ ಬಂತು. ಅದರ ಮೇಲೆ ದೇಸಾಯಿಯೇ ಕೂತು ಬಂದ. ಹೊಲಿದವನು ಬಿಸಿಲಲ್ಲಿ ನಿಂತ. ಇದು ಯಾವ ಶಾಸ್ತ್ರ? ನನ್ನ ಹಣೆಗೆ ಅರಿಶಿನ ಬಳಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಕೂಗೋಣವೆಂದರೆ ಹಾರ್ನಿನ ಗುಂಡಿ ಇನ್ನೊಬ್ಬರ ಹೆಬ್ಬೆರಳಿಗೆ ಕಾದಿರುತ್ತದೆ. ಯಂತ್ರಕ್ಕೆ ಮುಷ್ಕರ ಹೂಡಲು ಬರುವುದಿಲ್ಲ.

"ನಡಿಯವ್ವಾ, ಹೋಗೂಣು. ನನಗ ಇದು ಹೊಸದಲ್ಲ," ಎಂದ ಹುಲಿಗೆಪ್ಪ.

"ನನಗ ಹಳೇದಾಗಿಲ್ಲಪ್ಪಾ." ಅವಳು ಗೇಟಿನ ಸರಳು ಹಿಡಿದು ಕೂಗಿದಳು, "ಡಾಕ್ಟರ, ನೀವರ ಬಂದು ತೆಗೀರಿ!"

ಡಾಕ್ಟರ್ ಬಗ್ಗಿ, ತನ್ನ ಗಾಡಿಯ ಚಕ್ರದಡಿ ನೆಟ್ಟಗೇ ಇದ್ದ ನಿಂಬೆಹಣ್ಣನ್ನು ಮತ್ತೆ ನೆಟ್ಟಗೆ ಮಾಡಿದ. ಉಳಿದಿಬ್ಬರು ಅಗರಬತ್ತಿಯ ಹೊಗೆ ನೋಡುತ್ತ ನಿಂತರು.

ಪೂಜೆ ಮುಗಿದ ಮೇಲೆ ನನ್ನನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದರು. ಚಾವಿ ಬಂತು, ಪ್ರಸಾದವೂ ಬಂತು. ಚಾವಿಯನ್ನಷ್ಟೇ ತೆಗೆದುಕೊಂಡು ಅವಳು ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟಳು. ವಾರ ತುಂಬುವುದರೊಳಗೆ ಅವಳ ಮೇಲೆಯೇ ಪ್ರತಿದೂರು ಬಿತ್ತು: ಸಿಟ್ಟಿನಲ್ಲಿ ಕಾರು ನುಗ್ಗಿಸಿ ಗುಡಿಯ ಗೇಟು ಮುರಿದಳಂತೆ. ಪುರಾವೆ? ನನ್ನ ಮೂತಿಯ ಮೇಲಿನ ನೆಗ್ಗು. ಬೆಳಗಾವಿಯಲ್ಲಿ ಒಂದು ಎಮ್ಮೆ ಕೊಟ್ಟ ನೆಗ್ಗು ಅದು. ಆಗಿನ್ನೂ ನಾನು ಶಕುಂತಲಾಳ ಮುಖವನ್ನೇ ಕಂಡಿರಲಿಲ್ಲ. ನಾಲ್ವರೂ ಕಣ್ಣಾರೆ ಕಂಡೆವೆಂದು ಸಹಿ ಹಾಕಿದರು. ಅವಳ ದೂರಿಗೆ ಸಾಕ್ಷಿಗಳು ಸಿಗಲಿಲ್ಲವಂತೆ, ಪೊಲೀಸರು ಅದನ್ನು ಮುಚ್ಚಿದರು. ನನ್ನನ್ನು ಜಪ್ತಿ ಮಾಡಿ ಠಾಣೆಯ ಹಿತ್ತಲಿಗೆ ಎಳೆದು ತಂದರು.

ಈಗ ನನ್ನ ಒಂದು ಬದಿ ಮರಳಿನ ಲಾರಿ, ಇನ್ನೊಂದು ಬದಿ ಸುಟ್ಟ ಆಟೋ. ಮಾಡು ಹರಿದಿದೆ, ತಳದಿಂದ ಹುಲ್ಲು ಎದ್ದಿದೆ. ಸಂಘ ನಡೆದಿದೆ. ಭಾನುವಾರ ನಾಲ್ಕು ಗಾಡಿಗಳು ಹೊರಗಿನ ರಸ್ತೆಯಲ್ಲಿ ಹೋಗುತ್ತವೆ. ಒಂದೊಂದರ ದನಿಯೂ ನನಗೆ ಗೊತ್ತು. ಹುಲಿಗೆಪ್ಪ ಒಮ್ಮೆಯೂ ಬಂದಿಲ್ಲ. ಅವಳು ಬರುತ್ತಾಳೆ. ಬಾಗಿಲಿನ ಮೇಲೆ ಕೈಯಿಡಲು ಹೋದರೆ ಕಾನ್‌ಸ್ಟೇಬಲ್ ಕೆಮ್ಮುತ್ತಾನೆ.

"ಮುಟ್ಟಬ್ಯಾಡ್ರಿ ಮೇಡಂ, ಸೀಲ್ ಮಾಡ್ಯಾರ. ಕೇಸ್ ಇನ್ನೂ ನಡದೈತೇನ್ರಿ?"

"ನಡೀಲಿ ಬಿಡ್ರಿ. ಗಾಡಿ ನಿಂತೈತಿ, ಕೇಸಾದ್ರೂ ಓಡ್ಲಿ."

ಕಾನ್‌ಸ್ಟೇಬಲ್ ನಗುತ್ತಾನೆ. ಅವಳು ನಗುವುದಿಲ್ಲ.

ಮುಂದೊಂದು ದಿನ ನನ್ನನ್ನು ಕೋರ್ಟಿನ ಅಂಗಳಕ್ಕೆ ಎಳೆದೊಯ್ಯುತ್ತಾರೆ. ಅವಳು ಕಟಕಟೆಯಲ್ಲಿ ನಿಂತಿರುತ್ತಾಳೆ, ನಾನು ಅವಳ ವಿರುದ್ಧದ ಸಾಕ್ಷಿಯಾಗಿ ಹೊರಗೆ ನಿಂತಿರುತ್ತೇನೆ. ನ್ಯಾಯಾಧೀಶರು ಬಂದು ನನ್ನ ನೆಗ್ಗನ್ನು ನೋಡುತ್ತಾರೆ. ಎಮ್ಮೆಯ ಕಥೆಯನ್ನು ನಾನು ಹೇಗೆ ಹೇಳಲಿ? ನನಗೆ ಬಾಯಿಲ್ಲ. ಗೇಟಿನೊಳಗೆ ನಿಂತಿದ್ದ ಆ ನಾಲ್ವರಿಗೆ ಇತ್ತು.