ಐವತ್ತೆಂಟನೆಯ ಕೀರ್ತನೆ

ಮಾನ್ವಿಯಲ್ಲಿ ಗೋಡೆ ಕಟ್ಟುವ ಗೌಂಡಿ ತಾಯಣ್ಣ ತನ್ನ ತಮ್ಮ ಹುಲಿಗೇಶನ ಎರಡು ಹಲ್ಲು ಉದುರಿಸಿದ್ದು ತಾಯಿಯನ್ನು ಮಣ್ಣು ಮಾಡಿದ ದಿನ. ಗುಂಡಿಯ ಹತ್ತಿರ ಹಾಡುವ ದಾವೀದನ ಕೀರ್ತನೆ ಯಾವ ಧಾಟಿಯಲ್ಲಿರಬೇಕು ಎಂಬುದೇ ಜಗಳ. ಅಣ್ಣ ನಿಧಾನದ್ದು ಎಂದ, ತಮ್ಮ ಡೋಲಕ್ಕಿನದು ಎಂದ. ಮೂರನೆಯ ಮಾತಿಗೆ ಅಣ್ಣನ ಕೈ ಎದ್ದಿತು. ಯಾವ ಧಾಟಿಯೂ ಇಲ್ಲದೆ ಶೇಖಮ್ಮ ಮಣ್ಣಾದಳು. ಆಮೇಲೆ ನಾಲ್ಕು ವರ್ಷ ಅಣ್ಣತಮ್ಮಂದಿರಿಗೆ ಮಾತಿಲ್ಲ.

ತಾಯಣ್ಣನಿಗೆ ತಮ್ಮ ಬೇಕಿತ್ತು. ಕರೆಯಲು ಬಾಯಿ ಬರಲಿಲ್ಲ, ಅಷ್ಟೆ. ಅದರ ಬದಲು ಅವನು ಚರ್ಚಿನ ಸಭೆಯವರನ್ನು ಕಟ್ಟಿಕೊಂಡು, ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕೀರ್ತನೆ ಹಾಡಿಸತೊಡಗಿದ. ನಿಯಮ ಅವನದೇ. ಮೊದಲನೆಯದರಿಂದ ಸಾಲಾಗಿ ಹೋಗಬೇಕು, ಒಂದನ್ನೂ ಬಿಡಬಾರದು. ಅವನು ಒಂದು ಸಾಲು ಓದಿದರೆ ಉಳಿದವರು ಭಜನೆಯಂತೆ ಅದನ್ನು ಎರಡು ಸಲ ಹಾಡಬೇಕು. ಹಾರ್ಮೋನಿಯಂ ಬಾರಿಸುವ ಬೂದೆಪ್ಪನ ಮೊಮ್ಮಗನ ತೊಟ್ಟಿಲ ದಿನ ಹುಣ್ಣು ಕೊಳೆತು ನಾರುವ ಕೀರ್ತನೆ ಬಂತು. ಇವತ್ತೊಂದು ದಿನ ಬೇರೆ ಓದು ಎಂದು ಬೂದೆಪ್ಪ ಕೈ ಮುಗಿದ.

"ದೇವರ ಮಾತು ಆರಿಸಾಕ ಸಂತಿಗೆ ಬಂದೀಯೇನಲೇ?" ಎಂದು ಕೂಸು ಬೆಚ್ಚಿ ಅಳುವಷ್ಟು ಜೋರಾಗಿ ಗದರಿ ತಾಯಣ್ಣ ಅದನ್ನೇ ಓದಿದ.

ಐವತ್ತೆಂಟನೆಯ ವಾರ ಕಲ್ಲೂರಿನಿಂದ ಹುಲಿಗೇಶನ ಹೆಂಡತಿ ಮಲ್ಲೇಶ್ವರಿ ಫೋನ್ ಮಾಡಿ, ಈ ಭಾನುವಾರ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಎಂದಳು. ತಾಯಣ್ಣ ಹೂಂ ಎಂದಷ್ಟೇ ಹೇಳಿ, ಹೋಗಿ ಗಡ್ಡ ಬೋಳಿಸಿಕೊಂಡು ಬಂದ.

ಬಸ್ಸಿನಲ್ಲಿ ಪುಸ್ತಕ ತೆರೆದ. ದುಷ್ಟರ ಹಲ್ಲು ಮುರಿ ಎಂದು ದೇವರನ್ನು ಬೇಡುವ ಕೀರ್ತನೆ ಅದು. ಕಲ್ಲೂರು ಬರುವ ತನಕ ಮತ್ತೆ ಮತ್ತೆ ಓದಿದ. ಆರನೆಯ ವಚನದ ಹಲ್ಲು ಎಲ್ಲಿಗೂ ಹೋಗಲಿಲ್ಲ. ಇಳಿಯುವಾಗ, ಹೋದ ವಾರದ್ದನ್ನೇ ಇನ್ನೊಮ್ಮೆ ಹಾಡಿದರೆ ಹೇಗೆ ಎಂದು ಬೂದೆಪ್ಪನನ್ನು ಕೇಳಿದ.

"ಆರಿಸಾಕ ಸಂತಿಗೆ ಬಂದೀಯೇನು?" ಎಂದ ಬೂದೆಪ್ಪ, ಹಾರ್ಮೋನಿಯಂ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಹುಲಿಗೇಶ ಡೋಲಕ್ ತೊಡೆಯ ಮೇಲಿಟ್ಟುಕೊಂಡು ಚಾಪೆಯ ಮೇಲೆ ಕುಳಿತಿದ್ದ. ಬಾ ಅನ್ನಲಿಲ್ಲ. ಐದು ವಚನ ಸರಾಗವಾಗಿ ಹೋದವು. ಡೋಲಕ್ ಚೆನ್ನಾಗಿತ್ತು, ತಾಯಣ್ಣನಿಗೆ ಅದೊಂದು ಬೇರೆ ಸಂಕಟ. ಆರನೆಯದಕ್ಕೆ ಬಂದು ನಿಂತುಬಿಟ್ಟ. ಹನ್ನೆರಡು ಮಂದಿ ಅರ್ಧ ಬಾಯಿ ತೆರೆದು ಸಾಲಿಗಾಗಿ ಕಾದರು.

"ಓದಣ್ಣ," ಎಂದ ಹುಲಿಗೇಶ, ಕೈ ನಿಲ್ಲಿಸದೆ.

"ಇಲ್ಲಿ ಹಲ್ಲಿನ ಮಾತು ಅದ."

"ಗೊತ್ತದ. ವಾರ ಎಣಿಸೇ ಕರಿಸೀನಿ. ನಿನ್ನ ಬಾಯಿಲೇ ಕೇಳಬೇಕಾಗಿತ್ತು."

ತಾಯಣ್ಣ ಓದಿದ. ಹಲ್ಲು ಮುರಿ ಎಂದು ಎಲ್ಲರೂ ಎರಡು ಸಲ ಹಾಡಿದರು. ಹುಲಿಗೇಶನೂ ಅಣ್ಣನನ್ನೇ ನೋಡುತ್ತ, ಎರಡು ಹಲ್ಲಿನ ಖಾಲಿ ಜಾಗ ಕಾಣುವಂತೆ ಬಾಯಗಲಿಸಿ ಹಾಡಿದ. ತಾಯಣ್ಣ ಪುಸ್ತಕದಲ್ಲಿ ಮುಂದಿನ ವಚನ ಹುಡುಕಿದ. ಅಕ್ಷರ ಕಾಣಲಿಲ್ಲ.

"ನಂದು ತಪ್ಪಾತು, ಹುಲಿಗ್ಯಾ," ಎಂದ.

ವರ್ಷಕ್ಕೂ ಮೇಲಿನಿಂದ ಅವನು ಹೇಳಿದ್ದನ್ನೆಲ್ಲ ಹಾಡಿ ರೂಢಿಯಾದ ಜನ. ಬೂದೆಪ್ಪ ಸ್ವರ ಹಿಡಿದ. ನಂದು ತಪ್ಪಾತು ಹುಲಿಗ್ಯಾ ಎಂದು ಎಲ್ಲರೂ, ಒಲೆಯ ಮುಂದೆ ಮಿರ್ಚಿ ಕರಿಯುತ್ತಿದ್ದ ಮಲ್ಲೇಶ್ವರಿಯೂ ಸೇರಿ, ಎರಡು ಸಲ ಹಾಡಿದರು. ತಾಯಣ್ಣನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಹುಲಿಗೇಶನ ತಾಳ ತಪ್ಪಲಿಲ್ಲ.

"ಇನ್ನೊಂದು ಸಲ," ಎಂದ. "ನಿಧಾನದ ಧಾಟಿಗೆ." ಹೇಳಿ, ಡೋಲಕ್ಕಿನ ಪೆಟ್ಟು ತಗ್ಗಿಸಿದ.

ಸಾಲು ಎರಡೇ ಸಲ ಎಂಬುದು ತಾಯಣ್ಣನ ನಿಯಮ. ಮೂರನೆಯ ಸಲ ಅವನೇ ಮೊದಲು ಎತ್ತಿಕೊಂಡ.