ಪಕ್ಕದಿಂದ ಬಿದ್ದ ಬೆಳಕು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಬೇಕಾದಾಗ ಆ ಹಾಳು ಕೋಪ ಎಲ್ಲಿ ಸತ್ತಿತ್ತೋ! ಅಕ್ಕ ಮೂರು ಸಲ ತಲೆಗೆ ಪೆಟ್ಟು ಮಾಡಿಕೊಂಡು ನನ್ನ ಮನೆಗೆ ಬಂದಿದ್ದಳು. ಮೂರು ಸಲವೂ ಭಾವ ಹಿಂದೆಯೇ ಬಂದು, "ಮೆಟ್ಟಿಲಿಂದ ಬಿದ್ಲು ಕಣೋ" ಎಂದರು. ಅಕ್ಕ ಸೆರಗಿನಿಂದ ಗಾಯ ಮುಚ್ಚಿಕೊಂಡಳು. ನಾನೇ ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿ ವಾಪಸ್ ಕಳಿಸಿದೆ.

ಇದು ನಾಲ್ಕನೆಯ ಸಲ. ಭಾವನ ಜೊತೆ ವಾಪಸ್ ಹೊರಡಲು ಅಕ್ಕ ಒಳಗೆ ಬಟ್ಟೆ ಮಡಚುತ್ತಿದ್ದಳು. ಅಂಗಡಿಗಳಿಗಾಗಿ ನಾನು ವಾಚುಗಳ ಫೋಟೋ ತೆಗೆಯುವ ಕೋಣೆಯಲ್ಲಿ ಭಾವ ಕಾಲು ಚಾಚಿ ಕೂತಿದ್ದರು.

"ಈ ಡಬ್ಬಾ ಕ್ಯಾಮೆರಾ ಬಿಸಾಕಿ ಒಳ್ಳೆ ಲೆನ್ಸ್ ತಗೊಳ್ಳೋ," ಎಂದು ತಮ್ಮ ಸ್ಟೀಲ್ ವಾಚ್ ಬಿಚ್ಚಿಕೊಟ್ಟರು. "ಇದರದ್ದೊಂದು ತೆಗಿ, ನೋಡೋಣ ನಿನ್ನ ಕೈಚಳಕ."

"ಲೆನ್ಸಲ್ಲೇನಿದೆ ಭಾವ, ಎಲ್ಲಾ ಬೆಳಕಿನ ಆಟ."

ಎದುರಿನ ದೊಡ್ಡ ದೀಪದಲ್ಲಿ ತೆಗೆದೆ. ವಾಚ್ ಥಳಥಳ ಹೊಳೆಯಿತು, ಅಷ್ಟೇ. ದೀಪ ಆರಿಸಿ, ಕಿಟಕಿ ಪರದೆ ಎಳೆದು, ಟಾರ್ಚಿಗೆ ಬಟರ್ ಪೇಪರ್ ಸುತ್ತಿ ಮೇಜಿನ ಮಟ್ಟಕ್ಕೆ ಪಕ್ಕದಿಂದ ಹಿಡಿದೆ. ಹಾಗೆ ಹಿಡಿದರೆ ಸಣ್ಣ ಗೀರಿಗೂ ನೆರಳು ಬೀಳುತ್ತದೆ. ಮತ್ತೊಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೀ ಕೊಡುವ ಗುಂಡಿಯ ಹಲ್ಲುಗಳ ಸಂದಿಯಲ್ಲಿ ಒಣಗಿದ ರಕ್ತ, ಅದಕ್ಕೆ ಅಂಟಿದ ಕೂದಲ ತುಂಡು.

"ಅಕ್ಕಾ, ಬಾ ಇಲ್ಲಿ."

ಬಂದಳು. ಅದೇ ಟಾರ್ಚನ್ನು ಅವಳ ಹಣೆಯ ಬದಿಗೆ ಹಿಡಿದೆ. ಎದುರಿನಿಂದ ಬರೀ ಊತದಂತೆ ಕಂಡಿದ್ದ ಜಾಗದಲ್ಲಿ ಸಾಲಾಗಿ ಆ ಗುಂಡಿಯ ಹಲ್ಲಿನ ಗುರುತು.

"ಯಾವ ಮೆಟ್ಟಿಲಿಗೆ ಹಲ್ಲಿರುತ್ತೆ ಕಣೋ?" ಎಂದೆ. ಭಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ವಾಚಿಗೆ ಕೈ ಹಾಕಿದ. ನಾನು ಟ್ರೈಪಾಡ್ ಎತ್ತಿ ಆ ಕೈಗೇ ಬಾರಿಸಿದೆ. ಮೂಳೆ ಲಟಕ್ಕೆಂದಿತು. ಅವನು ಕೂಗುತ್ತಲೇ ತಲೆಯಿಂದ ನನ್ನ ಬಾಯಿಗೆ ಗುದ್ದಿದ. ಒಂದು ಹಲ್ಲು ನಾಲಿಗೆಯ ಮೇಲೆ ಉರುಳಿತು. ಇಬ್ಬರೂ ದೀಪದ ಮೇಲೆ ಬಿದ್ದೆವು. ಗಾಜಿನ ಚೂರಿನಲ್ಲೇ ಅವನನ್ನು ಅದುಮಿ ಹಿಡಿದು, ಮೂಗು ಚಪ್ಪಟೆಯಾಗುವವರೆಗೂ ಹೊಡೆದೆ. ಅವನು ಸಾಯಲಿ ಎಂದೇ ಹೊಡೆದೆ, ಮುಚ್ಚುಮರೆ ಯಾಕೆ? ಅಕ್ಕ ನನ್ನ ಜುಟ್ಟು ಹಿಡಿದು ಎಳೆದದ್ದರಿಂದ ಅವನು ಉಳಿದ, ಏಳಲಾರದೆ ಅಲ್ಲೇ ಬಿದ್ದಿದ್ದ.

ಸಿಟ್ಟು ಇಳಿಯಲಿಲ್ಲ. ವಾಚನ್ನಾದರೂ ಪುಡಿ ಮಾಡೋಣ ಎಂದು ಸ್ಟೂಲ್ ಎತ್ತಿದೆ.

"ಅದನ್ನ ಮುಟ್ಬೇಡ!" ಅಕ್ಕ ಅಡ್ಡ ನಿಂತಳು. "ಪೊಲೀಸ್ನೋರಿಗೆ ಅದು ಹಾಗೇ ಬೇಕು. ಮೊದ್ಲು ಇದರ ಫೋಟೋ ತೆಗಿ."

ಟಾರ್ಚನ್ನು ತಾನೇ ಹಿಡಿದು ಹಣೆ ತೋರಿಸಿದಳು. ಆಮೇಲೆ ಕಿವಿಯ ಮೇಲಿನ ಕೂದಲು ಸರಿಸಿದಳು.

"ಇವನ್ನೂ ತೆಗಿಯೋ."

ಅಲ್ಲಿ ಅಂಥವೇ ಹಳೆಯ ಗುರುತು ಮೂರಿದ್ದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಫೋಕಸ್ ತಪ್ಪಿ ಫೋಟೋ ಎರಡು ಸಲ ಕೆಟ್ಟಿತು. ಅಕ್ಕ ಅಲುಗಾಡದೆ ಟಾರ್ಚ್ ಹಿಡಿದೇ ಕೂತಿದ್ದಳು.